ಆಗ್ಲಿ ಅಂದ್ರೆ ನಿಲ್ಲೋ ಕುದುರೆ

ಇಂಥವೆಲ್ಲ ನನ್ನ ತಲೆಗೇ ಯಾಕೆ ಸುತ್ತಿಕೊಳ್ತಾವೆ ಅಂತ ಬಹಳ ಜನರನ್ನ ಕೇಳಿದೀನಿ. ಕೇಳಿದವರೆಲ್ಲ ನಗ್ತಾರೆಯೇ ಹೊರತು ಒಬ್ಬನಾದ್ರೂ ಉತ್ತರ ಹೇಳಿಲ್ಲ. ಬೇರೆ ಶೇಕ್ದಾರ್ರೂ ಕುದುರೆ ಕೊಂಡ್ರು, ಹತ್ತಿದ್ರು, ಹೋಬಳಿ ಸುತ್ತಿದ್ರು, ಪಿಂಚಣಿ ತಗೊಂಡು ಮನ್ಯಾಗೆ ಕುಂತ್ರು. ಅವರ ಕುದುರೆ ಸುದ್ದಿ ಯಾರಾದ್ರೂ ಎತ್ತುತಾರಾ? ಇಲ್ಲ. ನಾನು ಮಾತ್ರ ಚಳ್ಳಕೆರೆ ಪೇಟೆಗೆ ಉಪ್ಪು ತರೋಕೆ ಹೋದ್ರೂ ಅಂಗಡಿಯವನು ತಕ್ಕಡಿ ಕೆಳಗಿಟ್ಟು, "ಸ್ವಾಮಿ, ಆ ಕುದುರೆ ಕತೆ ಇನ್ನೊಂದ್ಸಲ ಹೇಳ್ರಿ" ಅಂತಾನೆ. ಕತೆಯಂತೆ! ಮೈಕೈ ನೋಯಿಸಿಕೊಂಡವನು ನಾನು, ಕತೆ ಇವರಿಗೆ.

ಅದಕ್ಕೇ ಇದ್ದದ್ದು ಇದ್ದಂಗೆ ಹೇಳಿಬಿಡ್ತೀನಿ. ನಗೋರು ನಗ್ರಿ. ತಪ್ಪು ಯಾರದು ಅನ್ನೋದನ್ನ ಮಾತ್ರ ನೀವೇ ತೀರ್ಮಾನ ಮಾಡ್ರಿ.

ಆಗಿನ್ನೂ ನಮ್ಮ ಸೀಮೆಗೆ ಮೋಟಾರು ಬಂದಿರ್ಲಿಲ್ಲ. ನಾನು ಚಳ್ಳಕೆರೆ ತಾಲ್ಲೂಕು ಕಚೇರಿಯಾಗೆ ಗುಮಾಸ್ತ. ಕೂತ್ಕೊಳ್ಳೋ ಜಾಗ ದಫ್ತರದ ಕೋಣೆ ಪಕ್ಕದ ಕತ್ತಲ ಮೂಲೆ. ಮಳೆಗಾಲದಾಗೆ ಮೇಲಿಂದ ನೀರು, ಬೇಸಿಗೆಯಾಗೆ ಮೇಲಿಂದ ಚೇಳು. ಅಲ್ಲಿಂದ ನನ್ನನ್ನ ಎತ್ತಿ ದೇವಸಮುದ್ರ ಹೋಬಳಿಗೆ ಹಂಗಾಮಿ ಶೇಕ್ದಾರ ಅಂತ ಹಾಕಿದ್ರು. ಬೆಳೆ ನೋಡೋದು, ಕೆರೆ ನೋಡೋದು, ಗಡಿಕಲ್ಲು ನೋಡೋದು, ಊರೂರು ತಿರುಗೋದು. ಕುದುರೆ ಇಲ್ದೆ ನಡೆಯೋ ಕೆಲಸ ಅಲ್ಲ. ಹೊರಡೋ ದಿನ ಅಮಲ್ದಾರ್ರು ಕರೆದು ಹೇಳಿದ್ರು: "ನೋಡಯ್ಯ, ಸುಗ್ಗಿ ಮುಗಿದ ಮೇಲೆ ದುರ್ಗದ ದೊಡ್ಡ ಸಾಹೇಬ್ರು ವರವು ಕಾವಲಿನ ಹುಲ್ಲು ಬಯಲಿಗೆ ಬಂದು ಡೇರೆ ಹಾಕ್ತಾರೆ. ಎಲ್ಲ ಶೇಕ್ದಾರ್ರನ್ನೂ ಕುದುರೆ ಮೇಲೆ ನೋಡ್ತಾರೆ. ಒಳ್ಳೆ ಕುದುರೆ ಮೇಲೆ ಗಟ್ಟಿಯಾಗಿ ಕುಂತವನು ಖಾಯಂ. ಅಲ್ಲಾಡಿದವನು ವಾಪಸ್ ತನ್ನ ಮೂಲೆಗೆ."

ಆ ಮೂಲೆ ನೆನೆಸಿಕೊಂಡ್ರೆ ನನಗೆ ಈಗಲೂ ಮೈ ಜುಮ್ಮಂತೈತೆ.

ಮಜ್ಜಿಗೆ ಲೋಟ

ಕುದುರೆ ಸಿಕ್ಕಿದ್ದು ಮೊಳಕಾಲ್ಮೂರಿನ ರೇಷ್ಮೆ ಸೀರೆ ಸಾಹುಕಾರರ ಮನೆಯಾಗೆ. ಅವರು ಅದರ ಮೇಲೆ ಸೀರೆ ಗಂಟು ಹೇರಿಕೊಂಡು ರಾಯದುರ್ಗ, ಕಲ್ಯಾಣದುರ್ಗ ಅಂತ ಆ ಕಡೆ ಊರುಗಳೆಲ್ಲ ತಿರುಗಿ ವ್ಯಾಪಾರ ಮಾಡಿದೋರು. ಈಗ ಮೈ ಬಂದು ಹತ್ತೋಕೆ ಕಷ್ಟ ಅಂತ ಮಾರೋಕೆ ನಿಂತಿದ್ರು. ಕೆಂಚು ಬಣ್ಣದ ಹೆಣ್ಣು ಕುದುರೆ. ಕಣ್ಣು ಸಾಧು. ಆ ಕಣ್ಣಿಗೇ ನಾನು ಮೋಸ ಹೋದದ್ದು.

"ಇದು ರವಾಲ್ ಕುದುರೆ ಸ್ವಾಮಿ" ಅಂದ್ರು ಸಾಹುಕಾರರು.

ರವಾಲ್ ಅಂದ್ರೆ ಒಂದೇ ಪಕ್ಕದ ಮುಂಗಾಲು ಹಿಂಗಾಲು ಜತೆಜತೆಗೆ ಎತ್ತಿ ಹಾಕೋ ನಡಿಗೆ. ಕುದುರೆ ಬಿರಬಿರನೆ ಹೋಗ್ತಿರ್ತೈತೆ, ಮೇಲೆ ಕುಂತವನಿಗೆ ಜೋಲಿಯಾಗೆ ಕುಂತಂಗೆ ಇರ್ತೈತೆ. ಬೇರೆ ಕುದುರೆಗಳದ್ದು ದುಡುಕಿ ಓಟ, ಕುಕ್ಕಿ ಕುಕ್ಕಿ ಎಸೆಯೋದು. ಅದರಾಗೆ ತಿಂದ ಮುದ್ದೆ ಗಂಟಲಿಗೆ ವಾಪಸ್ ಬರ್ತೈತೆ.

ಸಾಹುಕಾರರು ಒಳಗಿಂದ ತುಂಬಿದ ಲೋಟ ಮಜ್ಜಿಗೆ ತರಿಸಿದ್ರು. ನನಗೇನೋ ಅಂದ್ಕೊಂಡು ಕೈ ಚಾಚಿದೆ. ಅವರು ಕೊಡ್ಲಿಲ್ಲ. ಲೋಟ ಹಿಡಿದೇ ಕಷ್ಟಪಟ್ಟು ಕುದುರೆ ಹತ್ತಿ, ಬಗ್ಗಿ ಅದರ ಕಿವಿಯಾಗೆ ಏನೋ ಗುನುಗಿದ್ರು. ಕುದುರೆ ಹೊರಟಿತು ನೋಡ್ರಿ! ಕೆರೆ ಏರಿವರೆಗೆ ಹೋಗಿ ವಾಪಸ್ ಬಂದು, ಮತ್ತೇನೋ ಗುನುಗಿ ನಿಲ್ಲಿಸಿ, ಲೋಟ ನನ್ನ ಕೈಗೆ ಕೊಟ್ರು. ಒಂದು ಹನಿ ಚೆಲ್ಲಿಲ್ಲ.

"ಕುಡೀರಿ" ಅಂದ್ರು. ಕುಡಿದೆ. ಒಬ್ಬರ ಮನೆ ಮಜ್ಜಿಗೆ ಕುಡಿದ ಮೇಲೆ ಅವರ ಕುದುರೆ ಬೇಡ ಅನ್ನೋಕೆ ಯಾವ ಮರ್ಯಾದಸ್ತನಿಗಾದ್ರೂ ಬಾಯಿ ಬರ್ತೈತಾ?

"ಅದರ ಕಿವಿಯಾಗೆ ಏನು ಹೇಳಿದ್ರಿ?" ಅಂತ ಕೇಳಿದೆ.

"ಏನಿಲ್ಲ ಸ್ವಾಮಿ, ಎರಡು ಮುದ್ದು ಮಾತು."

"ಅದೇ ಏನು ಅಂತ."

ಸಾಹುಕಾರರು ನಾಚಿಕೊಂಡ್ರು. "ಮನೆಯವರ ಹತ್ರ ಏನಂತೀವಿ, ಕುದುರೆ ಹತ್ರ ಏನಂತೀವಿ ಅಂತೆಲ್ಲ ಹೊರಗಿನವರ ಮುಂದೆ ಹೇಳೋ ವಾಡಿಕೆ ನಮ್ಮಲ್ಲಿಲ್ಲ ಸ್ವಾಮಿ. ನೀವೂ ನಿಮಗೆ ತೋಚಿದ್ದು ಹೇಳ್ರಿ, ಕೇಳ್ತಾಳೆ. ಬಹಳ ಗುಣವಂತೆ."

ನನಗೆ ತೋಚಿದ್ದನ್ನೆಲ್ಲ ಹೇಳಿದೆ. ಬಂಗಾರಿ ಅಂದೆ, ತಾಯಿ ಅಂದೆ, ಹೋಗು ಅಂದೆ, ನಿನ್ನ ದಮ್ಮಯ್ಯ ಅಂದೆ. ಹಿಮ್ಮಡಿಯಿಂದ ತಿವಿದ ಮೇಲೆ ಹೊರಟಿತು. ರವಾಲ್ ಅಂತೆ ರವಾಲ್! ಶುದ್ಧ ದುಡುಕಿ. ಒಂದೊಂದು ಹೆಜ್ಜೆಗೂ ನನ್ನನ್ನ ಮೊರದಾಗೆ ಕೇರಿದಂಗೆ ಕೇರಿತು. ರುಮಾಲು ಒಂದು ಕಡೆ, ನಾನೊಂದು ಕಡೆ. ದೇವಸಮುದ್ರ ಮುಟ್ಟೋ ಹೊತ್ತಿಗೆ ಸಾಹುಕಾರರ ಮಜ್ಜಿಗೆಯನ್ನ ನನ್ನ ಹೊಟ್ಟೆಯಾಗೆ ಮತ್ತೊಂದ್ಸಲ ಕಡೆದು ಬೆಣ್ಣೆ ತೆಗೆದಿತ್ತು ಆ ಗುಣವಂತೆ.

ಸರ್ಕಾರದ ಅಂಚು

ಇಲ್ಲೊಂದು ವಿಷಯ ಹೇಳ್ಬೇಕು. ದೇವಸಮುದ್ರದ ಕಡೆ ಜನಕ್ಕೆ ಕನ್ನಡ ಎಷ್ಟು ಬರ್ತೈತೋ ತೆಲುಗೂ ಅಷ್ಟೇ. ಅರ್ಧ ಮಾತು ಇದರಾಗೆ ಶುರು ಮಾಡಿ ಅದರಾಗೆ ಮುಗಿಸ್ತಾರೆ. ನಾನು ಹೋದ ದಿನವೇ ಕಟ್ಟುನಿಟ್ಟು ಮಾಡಿದೆ: "ನನ್ನ ಮುಂದೆ ತೆಲುಗು ಕೂಡದು. ಅಹವಾಲು ಏನಿದ್ರೂ ಕನ್ನಡದಾಗೆ ಹೇಳ್ರಿ." ನನಗೆ ತೆಲುಗು ಬರಲ್ಲ ಅಂತಲ್ಲ. ಬರ್ತೈತೆ. "ಬಾಗುನ್ನಾರಾ", ಅಂದ್ರೆ ಚೆನ್ನಾಗಿದೀರಾ, ಅಂತ ಕೇಳೋಷ್ಟು ಬರ್ತೈತೆ. ಅವರು ತಿರುಗಿ ಏನಾದ್ರೂ ಹೇಳಿದ್ರೆ ಮಾತ್ರ ಕಷ್ಟ. ನನ್ನ ಹೆಂಡತಿ ಮೊಳಕಾಲ್ಮೂರಿನವಳು, ತವರಿನಾಗೆ ತೆಲುಗು ಆಡಿ ಬೆಳೆದವಳು. ಹೊರಗೊಂದು ಒಳಗೊಂದು ನ್ಯಾಯ ಬೇಡ ಅಂತ ಮನ್ಯಾಗೂ ಅದೇ ಕಟ್ಟುನಿಟ್ಟು ಇಟ್ಟೆ. ಇದರಾಗೆ ತಪ್ಪೇನೈತೆ, ನೀವೇ ಹೇಳ್ರಿ.

ಸರಿ, ಕುದುರೆ ಹತ್ತಿ ಹೋಬಳಿ ನೋಡೋಕೆ ಹೊರಟೆ. ದಾರಿಯಾಗೆ ಒಬ್ಬ ಕುರಿಗಾಹಿ ಕೈ ಮುಗಿದು, "ಬುದ್ಧಿ, ಆ ಗೋಮಾಳದ ಗಡಿ ಒಂದೀಟು ನೋಡ್ಬೇಕು" ಅಂದ. "ಆಗ್ಲಿ ನೋಡಾನ" ಅಂದೆ. ಸರ್ಕಾರಿ ಮನುಷ್ಯ ಅಂದ ಮೇಲೆ ಆಗ್ಲಿ ಅಂತ ಮುಂದಕ್ಕೆ ಹೋಗೋದು ಪದ್ಧತಿ. ನೋಡೋದು ಬಿಡೋದು ಆಮೇಲಿನ ಮಾತು. ಆದ್ರೆ ನನ್ನ ಕುದುರೆ ಅಲ್ಲೇ ಗಕ್ಕನೆ ನಿಂತುಬಿಡ್ತು. ತಿವಿದೆ. ಹೋಗ್ಲಿಲ್ಲ. ಕುರಿಗಾಹಿ ನಾನು ಅವನಿಗೋಸ್ಕರ ನಿಂತೆ ಅಂತ ತಿಳ್ಕೊಂಡು ಕಂಬಳಿ ಹಾಸಿ ಕುಂತು ಗಡಿ ವಿಷಯ ಅವರ ತಾತನ ಕಾಲದಿಂದ ಹೇಳೋಕೆ ಹಿಡಿದ. ಇಳಿದು ಕಡಿವಾಣ ಹಿಡಿದು ಎಳೆದ ಮೇಲೆ ಕುದುರೆ ಅಲ್ಲಾಡಿದ್ದು.

ಮುಂದೆ ಒಬ್ಬ ಅಜ್ಜಿ. "ಯಪ್ಪಾ, ಪಕ್ಕದ ಮನೆ ಮೇಕೆ ನನ್ನ ಸಜ್ಜೆ ಮೇದೈತೆ." "ಆಗ್ಲಿ ಅಜ್ಜಿ, ವಿಚಾರಿಸ್ತೀನಿ." ಕುದುರೆ ನಿಂತಿತು. ಅಜ್ಜಿ ಮೇಕೆ ಸುದ್ದಿ ಮುಗಿಸಿ, ಸೊಸೆ ಸುದ್ದಿಗೆ ಬಂದು, ಸೊಸೆಯ ತವರಿನವರ ಸುದ್ದಿಗೆ ಹೋದಳು. ಅಲ್ಲಿಂದ ಮುಂದೆ ಇನ್ನೊಬ್ಬ, ಇನ್ನೊಂದು ಆಗ್ಲಿ, ಇನ್ನೊಂದು ನಿಲುಗಡೆ. ಸಂಜೆಯೊಳಗೆ, "ಇಷ್ಟು ಸಮಾಧಾನವಾಗಿ ನಿಂತು ಕೇಳೋ ಶೇಕ್ದಾರ್ರು ನಮ್ಮ ಹೋಬಳಿಗೆ ಬಂದೇ ಇರ್ಲಿಲ್ಲ" ಅಂತ ಸುದ್ದಿ ಹಬ್ಬಿ, ಮರುದಿನ ಜನ ದಾರಿಯ ಎರಡೂ ಪಕ್ಕ ಬುತ್ತಿ ಕಟ್ಟಿಕೊಂಡು ಬಂದು ಕಾದು ಕುಂತಿದ್ರು!

ನಾನು ಯೋಚನೆ ಮಾಡಿ ಕಾರಣ ಕಂಡುಹಿಡಿದೆ. ಸೀರೆ ಮಾರೋರ ಕುದುರೆ, ಗಿರಾಕಿ ಕಂಡಲ್ಲೆಲ್ಲ ನಿಂತು ನಿಂತು ರೂಢಿಯಾಗೈತೆ, ಅಷ್ಟೇ. ಆ ಅನುಮಾನ ಗಟ್ಟಿಯಾಗೋಕೆ ಸರಿಯಾಗಿ, ಇನ್ನೊಂದು ಊರಿನಾಗೆ ಒಬ್ಬ ಗೌಡತಿ ಕುದುರೆ ನಿಂತದ್ದು ನೋಡಿ ಬಾಗಿಲಿಗೆ ಬಂದು, "ಈ ಸಲ ಯಾವ ಅಂಚಿನವು ತಂದೀರಿ?" ಅಂದಳು.

ನನಗೆ ಉರಿದು ಹೋಯ್ತು. "ಅಮ್ಮಾ, ನಾನು ಸೀರೆಯವನಲ್ಲ. ಸರ್ಕಾರದವನು!"

ಗೌಡತಿ ಒಂದು ಗಳಿಗೆ ಯೋಚಿಸಿದಳು. "ಯಾರದ್ದಾದ್ರೇನು ಬಿಡ್ರಿ. ಸರ್ಕಾರದ್ದೇ ತೋರ್ಸಿ. ಬಣ್ಣ ಬಿಡದಿದ್ರೆ ಸಾಕು."

ಭಕ್ತಿವಂತ ಕುದುರೆ

ಇದಾದ ಮೇಲೆ ನಡೆದದ್ದು ಇನ್ನೂ ಅನ್ಯಾಯ.

ಒಂದು ಊರಿನ ಬೇವಿನ ಕಟ್ಟೆ ಹತ್ರ ಕೆಲಸ ಮುಗಿಸಿ ಕುದುರೆ ಹತ್ತಿದೆ. ಕಟ್ಟೆ ಮೇಲೆ ಏಕತಾರಿ ಹಿಡಿದ ಒಬ್ಬ ಸಾಧು ಕುಂತಿದ್ದ. ನನ್ನನ್ನ ಕಂಡು ಎದ್ದು ನಿಂತು, "ಸ್ವಾಮೇರು ಅಪ್ಪಣೆ ಕೊಟ್ರೆ, ಒಂದು ಪದ..." ಅಂದ.

ಅಷ್ಟೇ ಅವನು ಅಂದದ್ದು. ಕುದುರೆ ಹೊರಟೇ ಹೋಯ್ತು.

ಮತ್ತೆ ಅದೆಂಥ ಹೋಗೋದು ಅಂತೀರಿ! ರವಾಲ್! ಅಚ್ಚ ರವಾಲ್! ನನ್ನ ರುಮಾಲಿನ ಚುಂಗು ಅಲ್ಲಾಡಲಿಲ್ಲ. ನೆಲ ಹಿಂದಕ್ಕೆ ಜಾರ್ತಾ ಇತ್ತು, ನಾನು ಗಾದಿ ಮೇಲೆ ಕುಂತಂಗೆ ಕುಂತಿದ್ದೆ. ಒಂದು ಹೊಲ ದಾಟೋವರೆಗೆ ಬಹಳ ಸಂತೋಷ ಪಟ್ಟೆ. ಎರಡನೇ ಹೊಲದಾಗೆ ನೆನಪಾಯ್ತು, ನಾನು ಹೋಗ್ಬೇಕಾದ್ದು ಈ ಕಡೆ ಅಲ್ಲ ಅಂತ.

"ನಿಂತ್ಕೋ" ಅಂದೆ. ನಿಲ್ಲಲಿಲ್ಲ. "ಹೋ ಹೋ" ಅಂದೆ. "ಠೈರೋ" ಅಂದೆ, "ಬಸ್" ಅಂದೆ. ಲಗಾಮು ಎಳೆದ್ರೆ ಕತ್ತು ಇನ್ನಷ್ಟು ಅಂದವಾಗಿ ಬಗ್ಗಿಸಿಕೊಂಡು ಇನ್ನಷ್ಟು ಅಂದವಾಗಿ ಹೋಯ್ತು. ಎದುರಿಗೆ ಕುರಿ ಹಿಂಡು. ಕುರಿಗಳು ಎರಡು ಪಾಲಾಗಿ ದಾರಿ ಬಿಟ್ಟವು. ಅದರಾಚೆ ಮುಳ್ಳು ಕಳ್ಳಿ ಬೇಲಿ, ನನ್ನೆತ್ತರ. ನಾನು ಕಣ್ಣು ಮುಚ್ಚಿ, "ಅಯ್ಯೋ ಶಿವನೇ, ನನ್ನ ಗತಿ ಏನು ಆಗುತ್ತೋ!" ಅಂತ ಅತ್ತುಬಿಟ್ಟೆ.

ಕುದುರೆ ನಿಂತಿತು. ಬೇಲಿಗೂ ಅದರ ಮೂಗಿಗೂ ನಡುವೆ ಒಂದು ಗೇಣು ಜಾಗ ಇತ್ತು. ನಾನು ಅದರ ಕತ್ತು ತಬ್ಬಿಕೊಂಡು ಉಳಿದೆ.

ಸಾಧು ಪದ ಅಂದದ್ದಕ್ಕೆ ಹೊರಟಿತು, ನಾನು ಶಿವನೇ ಅಂದದ್ದಕ್ಕೆ ನಿಂತಿತು. ಇಷ್ಟು ನೋಡಿದ ಮೇಲೆ ಯಾರಿಗಾದ್ರೂ ಏನನ್ನಿಸ್ತೈತೆ? ಕುದುರೆ ಭಕ್ತಿವಂತ, ದೇವರ ಹಾಡು ಕೇಳಿದ್ರೆ ಉಮೇದು ಬರ್ತೈತೆ, ಅಂತ ತಾನೆ? ನನಗೂ ಹಂಗೇ ಅನ್ನಿಸ್ತು. ಮರುದಿನ ಬೆಳಗ್ಗೆ ಮನೆ ಮುಂದೆ ಕುದುರೆ ಹತ್ತಿ, ನಮ್ಮಜ್ಜಿ ಹೇಳ್ತಿದ್ದ ಶಿವನ ಹಾಡೊಂದನ್ನ ಎತ್ತಿದೆ. ಕುದುರೆ ಕಿವಿ ಆಡಿಸಿತು. ಉಮೇದು ಬರ್ತೈತೆ ಅಂತ ದನಿ ಏರಿಸಿದೆ. ಒಂದು ನುಡಿ ಮುಗೀತು, ಇನ್ನೊಂದು ಮುಗೀತು, ಕುದುರೆ ಕಾಲು ಎತ್ತಲಿಲ್ಲ. ಬಿಸಿಲು ಏರ್ತಾ ಇತ್ತು. ನಾನು ಹಟ ಬಿಡ್ಲಿಲ್ಲ. ಹಾಡು ಪೂರಾ ಮುಗಿಸಿ ಮೊದಲಿಂದ ಮತ್ತೆ ಶುರು ಮಾಡಿದೆ.

ಎದುರು ಮನೆ ಅಜ್ಜಿ ಒಳಗಿಂದ ಬಂದಳು. ಕೈಯಾಗೆ ಮೊರ, ಮೊರದಾಗೆ ಜೋಳ.

"ತಗಾ ಯಪ್ಪಾ" ಅಂದಳು. "ಸರ್ಕಾರದೋರು ಸಂಬಳ ಕೊಡೋದು ಬಿಟ್ರಾ, ಪಾಪ?"

ಹಿತ್ತಲಿನ ಮಾತು

ಸುಗ್ಗಿ ಮುಗೀತಾ ಬಂತು. ಅಮಲ್ದಾರ್ರಿಂದ ಹೇಳಿಕೆ ಬಂತು: ಬರೋ ವಾರ ಸಾಹೇಬ್ರ ಡೇರೆ ಕಾವಲಿಗೆ ಬರ್ತೈತೆ, ಕುದುರೆ ಸಮೇತ ಹಾಜರಾಗು. ನಾನು ಊಟ ಬಿಟ್ಟೆ. ನಡೀ ಅಂದ್ರೆ ಕುಕ್ಕೋ ಕುದುರೆ, ಮಾತಾಡಿದ್ರೆ ನಿಲ್ಲೋ ಕುದುರೆ, ಸಾಧು ಕಂಡ್ರೆ ಓಡೋ ಕುದುರೆ. ಇದರ ಮೇಲೆ ಕುಂತು ಸಾಹೇಬ್ರ ಮುಂದೆ ಹೋದ್ರೆ ನನ್ನ ಮೂಲೆ, ನನ್ನ ಚೇಳು ನನಗೆ ಖಾತ್ರಿ.

ಆ ಮಧ್ಯಾಹ್ನ ತಲೆ ಮೇಲೆ ಕೈ ಹೊತ್ತು ನಡುಮನೆಯಾಗೆ ಕುಂತಿದ್ದೆ. ಹಿತ್ತಲಿನಾಗೆ ನನ್ನ ಹೆಂಡತಿಯ ನಗು ಕೇಳಿಸ್ತು. ಯಾರ ಜತೆ ಮಾತು ಅಂತ ಕಿಟಕಿಯಿಂದ ಬಗ್ಗಿ ನೋಡಿದೆ. ಅವಳು ಕುದುರೆಯನ್ನ ಬಾವಿ ಹತ್ರ ನೀರಿಗೆ ಕರ್ಕೊಂಡು ಹೋಗ್ತಿದ್ದಳು. ಹಗ್ಗ ಇಲ್ಲ, ಕಡಿವಾಣ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಮುಂದೆ ಹೋಗ್ತಾ, "ಪದವೇ ತಲ್ಲಿ, ಪದ" ಅಂತಿದ್ದಳು. ಕುದುರೆ ಹಿಂದೆ ಹಿಂದೆ ಬರ್ತಿತ್ತು. ಬಾವಿ ಹತ್ರ ಬಂದ ಕೂಡಲೇ "ಆಗು" ಅಂದಳು. ಕುದುರೆ ಗಕ್ಕನೆ ನಿಂತಿತು.

ನಾನು ಓಡಿ ಹೋದೆ. "ಏನಂದೆ ಅದಕ್ಕೆ? ಈಗ ಏನಂದೆ?"

ಅವಳು ಬೆದರಿ, "ಏನಿಲ್ಲ" ಅಂದಳು.

"ಇಲ್ಲ, ಏನೋ ಅಂದೆ!"

"ಪದ ಅಂದ್ರೆ ತೆಲುಗಿನಾಗೆ ನಡಿ ಅಂತ. ಆಗು ಅಂದ್ರೆ ನಿಲ್ಲು ಅಂತ. ಸೀರೆ ಸಾಹುಕಾರರ ಕುದುರೆ ಅಲ್ವಾ, ತೆಲುಗು ಸೀಮೆ ತಿರುಗಿದ್ದು. ಅದಕ್ಕೆ ಕನ್ನಡ ಎಲ್ಲಿ ಬರ್ಬೇಕು?"

ಕುರಿಗಾಹಿ, ಅಜ್ಜಿ, ಗೌಡತಿ, ಸಾಧು, ಕಳ್ಳಿ ಬೇಲಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ನಾನು ಆಗ್ಲಿ ಅಂದಾಗೆಲ್ಲ ನಿಂತಿತ್ತು ಈ ಪ್ರಾಣಿ. ಸಾಧು ಪದ ಅಂದದ್ದಕ್ಕೆ ಓಡಿತ್ತು. ನಾನು ಅತ್ತದ್ದಕ್ಕಲ್ಲ, "ಏನು ಆಗುತ್ತೋ" ಅಂದದ್ದಕ್ಕೆ ನಿಂತಿತ್ತು. ಭಕ್ತಿಯೂ ಇಲ್ಲ, ಮಣ್ಣೂ ಇಲ್ಲ!

"ನಿನಗೆ ಯಾವಾಗಿಂದ ಗೊತ್ತು?" ಅಂತ ಕೂಗಿದೆ.

"ಬಂದ ದಿನದಿಂದ."

"ಮತ್ತೆ ನನಗ್ಯಾಕೆ ಹೇಳಲಿಲ್ಲ? ಬೀದಿಯಾಗೆ ಕುಂತು ಹಾಡು ಹಾಡಿದೆನಲ್ಲ, ಆಗ್ಲಾದ್ರೂ ಹೇಳಬಾರ್ದಿತ್ತಾ?"

ಅವಳ ಕಣ್ಣಾಗೆ ನೀರು ಬಂತು. ನಗುವಿನದ್ದೋ ಅಳುವಿನದ್ದೋ ನನಗೆ ತಿಳೀಲಿಲ್ಲ. "ಮನ್ಯಾಗೆ ತೆಲುಗು ಎತ್ತಬಾರ್ದು ಅಂದಿದ್ರಿ. ನಾನು ನಮ್ಮವ್ವನ ಮಾತು ಆಡಿ ಎಷ್ಟು ಕಾಲ ಆಯ್ತು ಗೊತ್ತಾ ನಿಮಗೆ? ಈ ಕುದುರೆ ಒಂದು ಸಿಕ್ತು, ಹಿತ್ತಲಿಗೆ ಬಂದು ಅದರ ಜತೆ ಆಡ್ತಿದ್ದೆ. ನಿಮಗೆ ಹೇಳಿದ್ರೆ ಅದಕ್ಕೂ ಕನ್ನಡ ಕಲಿಸ್ತೀನಿ ಅಂತ ಹೊರಡ್ತಿದ್ರಿ."

"ಹೊರಡ್ತಿದ್ನಾ?" ಅಂದೆ ಸಿಟ್ಟಿನಾಗೆ. "ಹೊರಟೇ ಬಿಡ್ತೀನಿ. ಸರ್ಕಾರಿ ಕುದುರೆ ಕನ್ನಡ ಕಲೀಲೇಬೇಕು!"

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಕುದುರೆ ಕಡೆ ತಿರುಗಿ ತೆಲುಗಿನಾಗೆ ಏನೋ ಅಂದಳು. ಕುದುರೆ ನನ್ನ ಮುಖ ನೋಡಿ ಹಲ್ಲು ಬಿಟ್ಟು ಕೆನೆಯಿತು. ಏನಂದಳು ಅಂತ ಇವತ್ತಿಗೂ ಹೇಳಿಲ್ಲ.

ಹಲ್ಲು

ಬೆಲ್ಲ ತಿನ್ನಿಸಿ ಕನ್ನಡ ಕಲಿಸೋಕೆ ನೋಡಿದೆ. ಬೆಲ್ಲ ಕಲೀತು, ಕನ್ನಡ ಕಲೀಲಿಲ್ಲ. ದಿನ ಕಡಿಮೆ. ಕೊನೆಗೆ ಹೆಂಡತಿಯೇ, "ಅದು ಕಲಿಯೋದು ಕಷ್ಟ. ನೀವೇ ಬಾಯಿ ಕಟ್ಟಿಕೊಳ್ರಿ" ಅಂದಳು.

ಹೇಳೋದು ಸುಲಭ. ಸರ್ಕಾರಿ ಕೆಲಸದಾಗೆ ಇರೋದೇ ಅಷ್ಟು ಮಾತು: ಆಗ್ಲಿ, ಆಗಲ್ಲ, ಆಗೈತೆ, ಆಗಿಲ್ಲ, ಆಗ್ತೈತೆ. ಇಷ್ಟನ್ನೂ ಬಿಟ್ಟು ಶೇಕ್ದಾರಿಕೆ ಮಾಡೋದು ಹೆಂಗೆ? ಒಪ್ಪಿದ್ರೂ ನಿಲ್ತೈತೆ, ಒಪ್ಪದಿದ್ರೂ ನಿಲ್ತೈತೆ. ಅದಕ್ಕೆ ಹೆಂಡತಿ ಹಿತ್ತಲಿನಾಗೆ ನನ್ನನ್ನ ಕುದುರೆ ಹತ್ತಿಸಿ ತಾನೇ ಸಾಹೇಬ್ರಂಗೆ ಕಲ್ಲಿನ ಮೇಲೆ ನಿಂತು ಪ್ರಶ್ನೆ ಕೇಳೋಳು. "ನಿಮ್ಮ ಹೋಬಳಿ ಕೆರೆಗಳೆಲ್ಲ ಹೆಂಗವೆ?" ನಾನು "ದುರಸ್ತಿ ಆಗ..." ಅನ್ನೋದು, ಕುದುರೆ ನಿಲ್ಲೋದು, ನಾನು ಅದರ ಕತ್ತಿನ ಮೇಲೆ ಬೀಳೋದು. ಕೊನೆಗೆ ಎಲ್ಲದಕ್ಕೂ "ಹೂಂ", "ಉಹೂಂ" ಅನ್ನೋದು ಅಂತ ಗೊತ್ತು ಮಾಡಿಕೊಂಡ್ವಿ. ರೂಢಿ ಬರ್ಲಿ ಅಂತ ಹೊರಗೂ ಹಂಗೇ ಇದ್ದೆ.

ಊರ ಪಟೇಲರು ಬಂದ್ರು. "ಶೇಕ್ದಾರ್ರೇ, ಊಟವಾ?" "ಹೂಂ." "ತೂಬಿನ ಕೆಲಸ ನೋಡಿದ್ರಾ?" "ಉಹೂಂ." "ಮೈಯಾಗೆ ಹುಷಾರಿಲ್ವಾ?" "ಉಹೂಂ." ಪಟೇಲರು ನನ್ನ ಮುಖ ದಿಟ್ಟಿಸಿ ನೋಡಿ ಹೊರಟು ಹೋದ್ರು. ಸ್ವಲ್ಪ ಹೊತ್ತಿಗೆ ಹಲ್ಲು ಕೀಳೋ ಕ್ಷೌರಿಕನನ್ನೂ ಎರಡು ಗಟ್ಟಿ ಆಳುಗಳನ್ನೂ ಕರ್ಕೊಂಡು ವಾಪಸ್ ಬಂದ್ರು.

"ಯಾವ ಹಲ್ಲು ಸ್ವಾಮಿ?" ಅಂದ ಕ್ಷೌರಿಕ, ಇಕ್ಕಳ ತೆಗೆದು.

ನಾನು ದಿಗಿಲು ಬಿದ್ದು ರೂಢಿ ಮಾತು ಮರೆತೆ. "ಹಲ್ಲಲ್ಲ ಕಣ್ರೋ! ಕುದುರೆ ತೆಲುಗು! ಅದಕ್ಕೇ ನಾನು ಮಾತಾಡ್ತಾ ಇಲ್ಲ!" ಅಂತ ಕಿರುಚಿದೆ.

ಪಟೇಲರು ಆಳುಗಳ ಕಡೆ ತಿರುಗಿ, "ನೋವು ನೆತ್ತಿಗೇರೈತೆ. ಬಿಗಿಯಾಗಿ ಹಿಡ್ಕಳ್ರೋ" ಅಂದ್ರು.

ನನ್ನ ಒಳ್ಳೆ ದವಡೆ ಹಲ್ಲು! ಆ ಜಾಗ ಇವತ್ತಿಗೂ ಖಾಲಿ ಐತೆ, ಬೇಕಾದ್ರೆ ಬೆರಳಿಟ್ಟು ನೋಡ್ರಿ.

ವರವು ಕಾವಲಿನಾಗೆ

ಕಾವಲಿಗೆ ಹೋದೆ. ಕಣ್ಣು ಹಾಯೋವರೆಗೂ ಹುಲ್ಲು, ಅಲ್ಲಲ್ಲಿ ಅಮೃತಮಹಲ್ ದನ, ನಡುವೆ ಸಾಹೇಬ್ರ ಬಿಳಿ ಡೇರೆ. ಶೇಕ್ದಾರ್ರೆಲ್ಲ ತಮ್ಮ ತಮ್ಮ ಕುದುರೆ ಮೇಲೆ ಸಾಲಾಗಿ ನಿಂತಿದ್ವಿ. ಸಾಹೇಬ್ರು ಮೈಸೂರು ಕಡೆಯೋರು, ಉದ್ದ ಕೋಟು, ಚೂಪು ಮೀಸೆ. ತಾವೂ ಕುದುರೆ ಹತ್ತಿ, "ಬನ್ರಯ್ಯ, ಕಾವಲು ಒಂದು ಸುತ್ತು ಹಾಕೋಣ. ಯಾರು ಹೇಗೆ ಕೂರ್ತೀರಿ ನೋಡ್ತೀನಿ" ಅಂದ್ರು.

ನಾನು ಬಗ್ಗಿ ಮೆಲ್ಲಗೆ "ಪದ" ಅಂದೆ. ನನ್ನ ಕುದುರೆ ರವಾಲ್ ಹಿಡೀತು. ಉಳಿದೋರು ಕುಕ್ಕಿಸಿಕೊಂಡು ಬರ್ತಿದ್ರು, ನಾನು ತೇಲಿಕೊಂಡು ಹೋಗಿ ಸಾಹೇಬ್ರ ಪಕ್ಕಕ್ಕೇ ಸೇರಿದೆ. ಸಾಹೇಬ್ರು ತಿರುಗಿ ನೋಡಿ ಹುಬ್ಬು ಏರಿಸಿದ್ರು. ನನ್ನ ಎದೆ ಉಬ್ಬಿತು. ಖಾಯಂ ಅಂದ್ಕೊಂಡೆ.

ಅಷ್ಟರಾಗೆ ಸಾಹೇಬ್ರು ಇನ್ನೊಂದು ಪಕ್ಕದಾಗಿದ್ದ ಅಮಲ್ದಾರ್ರಿಗೆ, "ಈ ಹುಲ್ಲಿಗೆ ಬೆಂಕಿ ಬೀಳದ ಹಾಗೆ ನೋಡ್ಕೊಳ್ಳಿ" ಅಂದ್ರು.

"ಆಗ್ಲಿ ಸ್ವಾಮಿ" ಅಂದ್ರು ಅಮಲ್ದಾರ್ರು.

ನನ್ನ ಕುದುರೆ ನಿಂತಿತು. ನಾನು ಬಾಯಿ ಕಟ್ಟಿಕೊಂಡು ಏನು ಬಂತು? ಅಮಲ್ದಾರ್ರ ಬಾಯಿ ಯಾರು ಕಟ್ಟೋರು? ಮತ್ತೆ "ಪದ" ಅಂದು ಹೋಗಿ ಸೇರಿಕೊಂಡೆ.

"ಆ ಕಡೆ ಒಂದು ನೀರಿನ ಕುಂಟೆ ತೋಡಿಸಬೇಕು."

"ಆಗ್ಲಿ ಸ್ವಾಮಿ."

ನಿಂತಿತು. ಮತ್ತೆ ಪದ, ಮತ್ತೆ ಸೇರಿದೆ.

"ದನಗಳಿಗೆ ಉಪ್ಪು ಸರಿಯಾಗಿ ಹಾಕಿಸ್ತಿದೀರಾ?"

"ಆಗ್ಲಿ ಸ್ವಾಮಿ" ಅಂದ್ರು ಅಮಲ್ದಾರ್ರು. ಪ್ರಶ್ನೆ ಏನು ಅಂತಾನೂ ಕೇಳಿಸಿಕೊಳ್ಳದೆ! ಈ ಸಲ ಕುದುರೆ ನಿಂತ ರಭಸಕ್ಕೆ ನನ್ನ ಮೂಗು ಅದರ ಕತ್ತಿಗೆ ಬಡೀತು. ಸಾಹೇಬ್ರು ತಿರುಗಿ ನೋಡಿದ್ರು. ಇನ್ನೊಂದು ಸಲ ಹಿಂಗಾದ್ರೆ ಕತ್ತಲ ಮೂಲೆಯೇ ಗತಿ. ನನಗೆ ತಡೆಯೋಕೆ ಸಾಧ್ಯವಾಗಲಿಲ್ಲ. ಹಲ್ಲು ಹೋದ ನೋವು, ಹಾಡಿದ ಅವಮಾನ, ಎಲ್ಲ ಒಟ್ಟಿಗೆ ನೆತ್ತಿಗೆ ಬಂತು.

"ಅಮಲ್ದಾರ್ರೇ!" ಅಂತ ಕೂಗಿದೆ. "ನಿಮಗೆ ಕೈ ಮುಗೀತೀನಿ, ಆ ಒಂದು ಮಾತು ಬಿಟ್ಟು ಬೇರೆ ಏನಾದ್ರೂ ಅನ್ರಿ! ಹೌದು ಅನ್ರಿ, ಇಲ್ಲ ಅನ್ರಿ, ಹೂಂ ಅನ್ರಿ!"

ಅಮಲ್ದಾರ್ರ ಮುಖ ಕಪ್ಪಿಟ್ಟಿತು. ನನ್ನ ಕೆಲಸ ಹೋಯ್ತು ಅಂದ್ಕೊಂಡೆ.

ಸಾಹೇಬ್ರು ಗಹಗಹಿಸಿ ನಕ್ಕುಬಿಟ್ರು. "ಭೇಷ್ ಕಣಯ್ಯ! ಈ ಜಿಲ್ಲೆಗೆ ಬಂದಾಗಿನಿಂದ ಆ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಹೇಳೋ ಧೈರ್ಯ ಇರೋನು ಒಬ್ಬನಾದ್ರೂ ಸಿಕ್ಕಿದನಲ್ಲ. ನಿನ್ನ ಕುದುರೆಯೂ ಚೆನ್ನಾಗಿದೆ. ಎಲ್ಲಿ, ಆ ಜಾಲಿ ಮರದವರೆಗೆ ಹೋಗಿ ಬಾ, ಅದರ ಚಾಲು ನೋಡೋಣ." ಹಂಗಂದು ತಾವು ಕುದುರೆ ಇಳಿದು ಹುಲ್ಲಿನ ಮೇಲೆ ಕೈ ಕಟ್ಟಿ ನಿಂತ್ರು.

ಹೋದೆ. ತಿರುಗಿದೆ. ಬಂದೆ. ಅಂಥ ರವಾಲ್ ಆ ಕುದುರೆ ಅದಕ್ಕೆ ಮೊದಲೂ ಹಾಕಿರಲಿಲ್ಲ, ಆಮೇಲೂ ಹಾಕಲಿಲ್ಲ. ಹುಲ್ಲು ಎರಡು ಪಕ್ಕಕ್ಕೆ ಸರ್ರಂತ ಸರೀತಿತ್ತು. ನಾನು ಬೆನ್ನು ನೆಟ್ಟಗೆ ಮಾಡಿ, ಗದ್ದ ಎತ್ತಿ, ನೇರ ಸಾಹೇಬ್ರ ಕಡೆಗೆ ಬರ್ತಿದ್ದೆ. ಹತ್ರ ಬಂದೆ. ಸಾಹೇಬ್ರಿಗೆ ಸಂತೋಷ ತಡೆಯೋಕೆ ಆಗ್ಲಿಲ್ಲ. ಎರಡೂ ಕೈ ಮೇಲೆತ್ತಿ ಕಾವಲೆಲ್ಲ ಕೇಳೋ ಹಂಗೆ ಕೂಗಿದ್ರು:

"ಶಹಬಾಸ್! ಇವತ್ತಿಂದ ನೀನು ಖಾಯಂ ಆಗು!"

ಕುದುರೆ ಆಯ್ತು ಅಂತ ನಿಂತಿತು. ನಾನು ನಿಲ್ಲಲಿಲ್ಲ.

ಕುದುರೆ ಕಿವಿಗಳ ನಡುವಿನಿಂದ ಹೊರಟವನು ಗಾಳಿಯಾಗೆ ಹೋಗಿ, ಸಾಹೇಬ್ರ ಎರಡು ಬೂಟಿನ ಮುಂದೆ, ಕೈ ಎರಡೂ ಮುಂದಕ್ಕೆ ಚಾಚಿ, ಬೋರಲಾಗಿ, ಉದ್ದಕ್ಕೆ ಬಿದ್ದೆ. ಬಾಯಿ ತುಂಬ ಹುಲ್ಲು. ಖಾಲಿ ಹಲ್ಲಿನ ಜಾಗದಾಗೂ ಹುಲ್ಲು.

ಮೇಲಿನಿಂದ ಸಾಹೇಬ್ರ ದನಿ ಬಂತು. ದನಿ ಗದ್ಗದ ಆಗಿತ್ತು.

"ಏಳಯ್ಯ, ಏಳು. ಕೈ ಮುಗಿದಿದ್ರೆ ಸಾಕಾಗಿತ್ತು. ಸಾಷ್ಟಾಂಗ ಯಾಕೆ?"

ಈಗ ನೀವೇ ಹೇಳ್ರಿ, ನಾನೇನು ಮಾಡ್ಬೇಕಿತ್ತು? ಬಿದ್ದೆ ಅಂದ್ರೆ ಅಲ್ಲಾಡಿದವನು ಅಂತ ಕೆಲಸ ಹೋಗ್ತೈತೆ. ನಮಸ್ಕಾರ ಮಾಡಿದೆ ಅಂದ್ರೆ ಮಾನ ಹೋಗ್ತೈತೆ. ಮಲಗಿದಲ್ಲೇ ಎರಡನ್ನೂ ತೂಗಿ ನೋಡಿದೆ. ಕತ್ತಲ ಮೂಲೆ ಕಣ್ಣಿಗೆ ಕಟ್ಟಿತು. ನಾನು ಆ ಎರಡು ಚಾಚಿದ ಕೈಗಳನ್ನ ಮೆಲ್ಲಗೆ ಜೋಡಿಸಿದೆ.

ಕೆಲಸಕ್ಕಾಗಿ ಕಾಲಿಗೆ ಬಿದ್ದೋನು ಅಂತ ಚಳ್ಳಕೆರೆ ಜನ ಇವತ್ತಿಗೂ ನನ್ನನ್ನ ಆಡಿಕೊಳ್ತಾರೆ. ಬಿದ್ದದ್ದು ನಿಜ. ಆದ್ರೆ ನಾನಾಗಿ ಬಿದ್ದೆನಾ? ಕೆಡವಿದ್ದು ಯಾರು?

ಸಾಹೇಬ್ರು ಉಳಿದೋರ ಕಡೆ ತಿರುಗಿ, "ನೋಡಿದಿರಾ? ಎದುರಿಗೆ ಖಡಕ್ಕಾಗಿ ಮಾತಾಡೋ ಧೈರ್ಯ, ಒಳಗೆ ಇಂಥ ವಿನಯ. ಎಷ್ಟು ಜನಕ್ಕೆ ಉಂಟು?" ಅಂದ್ರು.

ಶೇಕ್ದಾರ್ರು ಒಬ್ಬರ ಮುಖ ಒಬ್ಬರು ನೋಡಿಕೊಂಡ್ರು. ಮೊದಲು ಒಬ್ಬ ಇಳಿದು ಬಂದು ನನ್ನ ಪಕ್ಕದಾಗೆ ಬೋರಲು ಮಲಗಿದ. ಆಮೇಲೆ ಇನ್ನೊಬ್ಬ. ಆಮೇಲೆ ಎಲ್ಲರೂ ದಡಬಡ ಇಳಿದು ಹುಲ್ಲಿನ ಮೇಲೆ ಸಾಲಾಗಿ ಉದ್ದುದ್ದ ಬಿದ್ರು. ದನಗಳು ಮೇಯೋದು ಬಿಟ್ಟು ನೋಡ್ತಾ ನಿಂತವು. ಕೊನೆಗೆ ಅಮಲ್ದಾರ್ರು, ಪಾಪ, ಹೊಟ್ಟೆ ದೊಡ್ಡದು, ಏದುಸಿರು ಬಿಡ್ತಾ ಮಂಡಿ ಊರಿ, ಕೈ ಊರಿ, ನನ್ನ ಇನ್ನೊಂದು ಪಕ್ಕಕ್ಕೆ ಬಂದು ಮಲಗಿದ್ರು. ಹುಲ್ಲಿನಾಗೆ ಮುಖ ಇಟ್ಟುಕೊಂಡೇ ನನ್ನ ಕಿವಿ ಹತ್ರ ಹಲ್ಲು ಕಡಿದ್ರು:

"ಪಾಪಿ! ಕುದುರೆ ಮೇಲಿಂದಾನೇ ಹಾರಿ ಬೀಳಬೇಕಿತ್ತೇನೋ? ಇನ್ಮೇಲೆ ನಾನು ಈ ವಯಸ್ಸಿನಾಗೆ ಅದನ್ನೂ ಕಲೀಬೇಕಲ್ಲೋ!"